ಕಂಬದ ಕೆಳಗಿನವರು

ನಮ್ಮ ಊರಿನ ದೊಡ್ಡ ಚೌಕದಲ್ಲಿ ಯಾರು ಬೇಕಾದರೂ ಕೂರಬಹುದು. ಹಾಗೆಂದು ಕಲ್ಲಿನಲ್ಲೇ ಕೆತ್ತಿದ್ದಾರೆ: 'ಈ ಚೌಕ ಜನರದು.' ಆ ಅಕ್ಷರಗಳ ಸಂದಿಯಲ್ಲಿ ಸೇರಿದ ಧೂಳನ್ನು ದಿನಾ ಬೆಳಿಗ್ಗೆ ಬ್ರಷ್ಷಿನಿಂದ ತೆಗೆಯುತ್ತಿದ್ದವಳು ನಾನು. ನಾನು ಮಾತ್ರ ಅಲ್ಲಿ ಕೂರುವಂತಿರಲಿಲ್ಲ. ನೀಲಿ ಅಂಗಿ ತೊಟ್ಟ ಗುಡಿಸುವ ಹೆಂಗಸರು ಬೆಂಚಿನ ಮೇಲೋ ಮೆಟ್ಟಿಲ ಮೇಲೋ ಕೂತದ್ದು ಮೇಸ್ತ್ರಿಯ ಕಣ್ಣಿಗೆ ಬಿದ್ದರೆ ಅರ್ಧ ದಿನದ ಕೂಲಿ ಹೋಯಿತು. ನೋಡುವವರಿಗೆ ಚೆನ್ನಾಗಿ ಕಾಣುವುದಿಲ್ಲವಂತೆ.

ಚೌಕ ಸಣ್ಣದಲ್ಲ. ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಗೆ ಕೇಳಿಸುವುದಿಲ್ಲ. ಒಂದು ಪಕ್ಕ ಸರ್ಕಾರಿ ಕಚೇರಿ, ಒಂದು ಪಕ್ಕ ಬ್ಯಾಂಕು, ಒಂದು ಪಕ್ಕ ದೊಡ್ಡ ಹೋಟೆಲು. ನಟ್ಟನಡುವೆ ಕಂಬ. ಕಂಬಕ್ಕೆ ಮರೆಯಾಗುತ್ತದೆ ಎಂದು ಒಂದು ಮರವನ್ನೂ ನೆಟ್ಟಿಲ್ಲ. ಬೇಸಿಗೆಯಲ್ಲಿ ಹಾಸುಗಲ್ಲು ಕಾದು ಚಪ್ಪಲಿಯ ರಬ್ಬರು ಮೆತ್ತಗಾಗುತ್ತದೆ. ಆ ಕಲ್ಲಿನ ಮೇಲೆ ಮಂಡಿಯೂರಿ ಜನ ಅಗಿದು ಉಗಿದ ಚೂಯಿಂಗ್ ಗಮ್ಮನ್ನು ತಗಡಿನಿಂದ ಕೆರೆಯಬೇಕು. ನನ್ನ ಮಂಡಿ ನೋಡಿದರೆ ಹಿಮ್ಮಡಿ ಎಂದುಕೊಳ್ಳಬೇಕು, ಹಾಗೆ ಗಟ್ಟಿಯಾಗಿದೆ. ಚೌಕದ ಶೌಚಾಲಯ ತೊಳೆಯುವವರೂ ನಾವೇ. ಅದನ್ನು ಬಳಸುವಂತಿಲ್ಲ. ನಮಗೆ ನೀರೆತ್ತುವ ಪಂಪಿನ ಕೋಣೆಯ ಹಿಂದಿನ ಮೂಲೆ.

ಆ ಚೌಕ ಏನೇನು ನೋಡಿಲ್ಲ! ಗೆದ್ದವರು ಅಲ್ಲಿ ಭಾಷಣ ಮಾಡಿದ್ದಾರೆ. ಅವರನ್ನು ಸೋಲಿಸಿದವರು ಬಂದು ಅದೇ ಭಾಷಣ ಮಾಡಿದ್ದಾರೆ. ಸಿಪಾಯಿಗಳು ಬೂಟು ಕುಟ್ಟಿಕೊಂಡು ಹೋಗಿದ್ದಾರೆ. ಒಂದು ಸಲ ಫೀಸು ಜಾಸ್ತಿಯಾಯಿತೆಂದು ಬಂದ ಕಾಲೇಜು ಮಕ್ಕಳನ್ನು ಅಟ್ಟಾಡಿಸಿ ಹೊಡೆದರು. ಆವತ್ತು ನಾವು ಗುಡಿಸಿದ್ದು ಬರೀ ಒಂಟಿ ಚಪ್ಪಲಿ. ಆಮೇಲೆ ಪೈಪು ಹಿಡಿದು ನೀರು ಬಿಟ್ಟೆವು. ಕಲ್ಲು ಬೇಗ ಚೊಕ್ಕಟವಾಯಿತು. ಚೌಕದ ಗುಣವೇ ಅದು. ಏನಾದರೂ ಆಗಲಿ, ಮಾರನೆಯ ದಿನ ಏನೂ ಆಗದ ಹಾಗೆ ಮಲಗಿರುತ್ತದೆ.

ಅದರ ಹುಟ್ಟು ಗೊತ್ತಿದ್ದದ್ದು ನನ್ನ ಅತ್ತೆಗೆ.

ಮೊದಲು ಅದು ತಗ್ಗು ಜಾಗ. ಕೂಲಿ ಹುಡುಕಿಕೊಂಡು ಬಂದವರು ಅಲ್ಲಿ ತಗಡಿನ ಗುಡಿಸಲು ಹಾಕಿಕೊಂಡಿದ್ದರು. ಚೌಕ ಕಟ್ಟಬೇಕು ಎಂದಾಗ ಗುಡಿಸಲುಗಳನ್ನು ಅದರಲ್ಲಿದ್ದವರ ಕೈಯಿಂದಲೇ ಕೀಳಿಸಿದರು. "ಕಿತ್ತಿದ್ದಕ್ಕೂ ಕೂಲಿ ಕೊಟ್ರು ಕಣೇ, ಧರ್ಮಾತ್ಮರು!" ಎಂದು ಅತ್ತೆ ನಗುತ್ತಿದ್ದರು. ಅವರ ಗಂಡ ಮಣ್ಣು ಅಗೆಯುವವರು. ಅತ್ತೆ ಜಲ್ಲಿ ಹೊರುವವರು. ಹೊಸ ಮದುವೆ. ಹೊಟ್ಟೆಯಲ್ಲಿ ಮಗು. ಬಸಿರಿ, ಬುಟ್ಟಿ ಅರ್ಧ ತುಂಬಿಸಿ ಎಂದು ಕೇಳಿದ್ದಕ್ಕೆ ಕೂಲಿಯನ್ನೂ ಅರ್ಧ ಮಾಡಿದರು. ಅತ್ತೆ ಮತ್ತೆ ಪೂರ್ತಿ ಬುಟ್ಟಿಯನ್ನೇ ಹೊತ್ತರು.

ಕಂಬಕ್ಕೆ ತೋಡಿದ ಗುಂಡಿ ಎರಡಾಳಿಗಿಂತ ಆಳ. ಮಣ್ಣು ಕುಸಿಯದ ಹಾಗೆ ಪಕ್ಕಕ್ಕೆ ಹಲಗೆ ಕೊಡಿ ಎಂದು ಗಂಡಸರು ಕೇಳಿದ್ದರು. ಹಲಗೆ ಬರಲಿಲ್ಲ. ಹೆದರುಪುಕ್ಕಲರು ಎಂಬ ಬೈಗುಳ ಬಂತು. ಒಂದು ಮಧ್ಯಾಹ್ನ ಉಂಡು ಕೈತೊಳೆದು ಹನ್ನೊಂದು ಜನ ಇಳಿದರು. ಒಂದು ಪಕ್ಕ ಕುಸಿಯಿತು. ದೊಡ್ಡ ಸದ್ದೇನೂ ಆಗಲಿಲ್ಲವಂತೆ. ಯಾರೋ ಸುಸ್ತಾಗಿ ಉಸಿರು ಬಿಟ್ಟ ಹಾಗೆ. ಹೆಂಗಸರು ಬುಟ್ಟಿ ಬಿಸಾಕಿ ಕೈಯಲ್ಲೇ ಬಗೆದರು. ಉಗುರು ಕಿತ್ತು ಬಂದವು.

"ಒಳಗಿಂದ ದನಿ ಕೇಳ್ತಿತ್ತು ಕಣೇ," ಎನ್ನುತ್ತಿದ್ದರು ಅತ್ತೆ. ಪ್ರತಿ ಸಲವೂ ಅಲ್ಲಿಗೆ ಬಂದು ನಿಲ್ಲುತ್ತಿದ್ದರು. "ದನಿ ಕೇಳ್ತಿತ್ತು."

ಗುತ್ತಿಗೆದಾರ ಬಂದ. ಇಂಜಿನಿಯರ್ ಬಂದ. ಉದ್ಘಾಟನೆಯ ದಿನ ಆಗಲೇ ಗೊತ್ತಾಗಿತ್ತು. ದೊಡ್ಡವರು ಹೊರದೇಶದಿಂದ ಬರುವವರಿದ್ದರು. ಅಗೆಯಲು ಹೋದರೆ ಇನ್ನೊಂದು ಪಕ್ಕವೂ ಕುಸಿಯುತ್ತದೆ, ಕೆಲಸ ನಿಲ್ಲುತ್ತದೆ ಎಂದು ಮಾತಾಡಿಕೊಂಡರು. ಹೆಂಗಸರನ್ನು ಎಳೆದು ಲಾರಿಗೆ ತುಂಬಿದರು. ಲಾರಿ ತಿರುಗುವಾಗ ಕಾಂಕ್ರೀಟ್ ಕಲೆಸುವ ಯಂತ್ರದ ಬಾಯಿ ಗುಂಡಿಯ ಕಡೆ ಬಗ್ಗಿದ್ದನ್ನು ಅತ್ತೆ ನೋಡಿದರು.

ಅವರನ್ನು ಎಲ್ಲೋ ದೂರದಲ್ಲಿ ಅಣೆಕಟ್ಟಿನ ಕೆಲಸಕ್ಕೆ ಇಳಿಸಿದರು. ಹೆತ್ತು, ಕೂಸನ್ನು ಎತ್ತಿಕೊಂಡು ಅತ್ತೆ ವಾಪಸು ಬಂದಾಗ ಚೌಕ ಮಿರಮಿರ ಮಿಂಚುತ್ತಿತ್ತು. ಕಂಬ ನಿಂತಿತ್ತು. ಸುತ್ತ ಕಬ್ಬಿಣದ ಬೇಲಿ. ಪೊಲೀಸರ ಹತ್ತಿರ ಹೋದರು. ಹನ್ನೊಂದು ಜನ ಗುಂಪಿನ ಕೂಲಿ ಹಣ ಕದ್ದು ಓಡಿಹೋಗಿದ್ದಾರೆ, ದೂರು ದಾಖಲಾಗಿದೆ ಎಂದರು. "ನಿನ್ನ ಗಂಡ ಎಲ್ಲೋ ಇನ್ನೊಬ್ಬಳ ಜೊತೆ ಸುಖವಾಗಿದಾನೆ, ಹೋಗಮ್ಮ," ಎಂದು ಒಬ್ಬ ನಕ್ಕನಂತೆ.

ಆ ಕೂಸೇ ನನ್ನ ಗಂಡ. ಕಳ್ಳನ ಮಗ, ಓಡಿಹೋದವನ ಮಗ ಎನ್ನಿಸಿಕೊಂಡೇ ಬೆಳೆದ. ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಾನೆ. ಅಮ್ಮನ ಮೇಲೆ ಪ್ರಾಣ. ಆದರೆ ಅಮ್ಮನ ಮಾತನ್ನು ಒಂದು ದಿನವೂ ನಂಬಲಿಲ್ಲ. "ಮಾನ ಮುಚ್ಕೊಳ್ಳೋಕೆ ಕಟ್ಟಿದ ಕಥೆ ಅದು," ಎಂದು ನನ್ನ ಹತ್ತಿರ ಹೇಳಿದ್ದ. "ಬಿಟ್ಟು ಹೋದೋನ ವಿಷಯ ನನ್ನ ಮನೇಲಿ ಎತ್ತಬೇಡ. ಅವನು ಸತ್ರೂ ಒಂದೇ ಇದ್ರೂ ಒಂದೇ."

ಚೌಕಕ್ಕೆ ಐವತ್ತು ವರ್ಷ ತುಂಬುವ ಹೊತ್ತಿಗೆ ದೊಡ್ಡ ಸಮಾರಂಭ ಗೊತ್ತಾಯಿತು. ಚೌಕದ ಚರಿತ್ರೆಯನ್ನು ರೂಪಕ ಮಾಡಿ ತೋರಿಸುವುದಂತೆ. ಮೇಸ್ತ್ರಿ ನಮ್ಮನ್ನೆಲ್ಲ ಪಂಪಿನ ಕೋಣೆಯ ಮುಂದೆ ನಿಲ್ಲಿಸಿ ಹೇಳಿದ: "ಕಲ್ಲು ಹೊತ್ತು ಚೌಕ ಕಟ್ಟಿದವರ ಪಾತ್ರ ನಿಮ್ದು. ಕೆಲಸ ಮುಗಿದ ಮೇಲೆ ಅಭ್ಯಾಸ. ಬರಲ್ಲ ಅಂದೋರು ನಾಳೆಯಿಂದ ಕೆಲಸಕ್ಕೂ ಬರೋದು ಬೇಡ."

"ಅಯ್ಯೋ, ನಮ್ಮ ಮೂತಿಗೆ ನಾಟಕ ಬೇರೆ ಕೇಡು," ಎಂದಳು ಪಕ್ಕದಲ್ಲಿದ್ದವಳು. ಬಾಯಿ ಮುಚ್ಚುವುದಿಲ್ಲ ಎಂದು ಅವಳನ್ನು ನಾವು ರೇಡಿಯೋ ಎಂದೇ ಕರೆಯುತ್ತಿದ್ದೆವು. ಎಲ್ಲರೂ ನಕ್ಕೆವು. ಮೇಸ್ತ್ರಿ ನಗಲಿಲ್ಲ.

ರೂಪಕ ಮಾಡಿಸುವವನು ಕತ್ತಿಗೆ ಬಣ್ಣದ ಶಾಲು ಸುತ್ತಿಕೊಂಡಿದ್ದ. ಮಾತು ಬೆಣ್ಣೆ. ರಟ್ಟಿನ ಕಲ್ಲು ತಂದಿದ್ದರು, ಬೇಡ ಎಂದ. "ನಿಜವಾದ ಕಲ್ಲೇ ಇರ್ಲಿ. ಮುಖದಲ್ಲಿ ಕಷ್ಟ ಚೆನ್ನಾಗಿ ಕಾಣುತ್ತೆ." ಬೆಳಗಿನಿಂದ ಗುಡಿಸಿ ತೊಳೆದ ಮೈಯಲ್ಲಿ ಕಲ್ಲು ಹೊತ್ತು ಸುತ್ತು ಹಾಕಿದೆವು. ಸಾಲು ಓರೆಯಾದರೆ ಮತ್ತೆ ಮೊದಲಿಂದ. ಒಬ್ಬಳ ಮೂಗಿನಿಂದ ರಕ್ತ ಬಂತು. ಒರೆಸಿಕೊಂಡು ಹೊತ್ತಳು. ಮುಖಕ್ಕೆ, ತೋಳಿಗೆ ಕಂದು ಬಣ್ಣ ಬಳಿಸಿದ. ನಾವು ಇರುವುದಕ್ಕಿಂತ ಕೊಳೆಯಾಗಿ ಕಾಣಬೇಕಿತ್ತು.

"ಅಮ್ಮಾ, ನಗಬೇಕು," ಎಂದ ನನಗೆ.

"ಕಷ್ಟ ಕಾಣ್ಬೇಕು ಅಂದ್ರಲ್ಲ ಸಾರ್?"

"ಕಷ್ಟ ಬೇಕು. ಆದ್ರೆ ಖುಷಿಯ ಕಷ್ಟ."

ನಮ್ಮ ಅತ್ತೆ ಚೌಕ ಕಟ್ಟಿದವರಲ್ಲಿ ಒಬ್ಬರು ಎಂದು ಮೇಸ್ತ್ರಿ ಯಾವ ಬಾಯಲ್ಲಿ ಹೇಳಿದನೋ, ಮಾರನೆಯ ದಿನ ಶಾಲಿನವನು ನಮ್ಮ ಮನೆ ಹುಡುಕಿಕೊಂಡು ಬಂದ. ಒಂದೇ ಕೋಣೆಯ ಮನೆ. ಬಾಗಿಲಲ್ಲೇ ನಿಂತು ಮಾತಾಡಿದ. ರೂಪಕದ ಕೊನೆಗೆ ಅತ್ತೆ ಕಂಬದ ಬುಡಕ್ಕೆ ನಡೆದು ಹೋಗಬೇಕು. ಗಣ್ಯರ ಮುಂದೆ ಒಂದು ಮಾತು ಹೇಳಬೇಕು: ಈ ಚೌಕ ಕಟ್ಟಿದ್ದು ನಮ್ಮ ಜನ್ಮದ ಪುಣ್ಯ.

ಅತ್ತೆ ತಮ್ಮ ಗಂಡನ ವಿಷಯ ಹೇಳಿದರು. ಆತ ಗಡಿಯಾರ ನೋಡಿಕೊಳ್ಳುತ್ತ ಕೇಳಿದ. "ಛೇ, ಪಾಪ. ಆದ್ರೆ ಇದು ಸಂಭ್ರಮದ ಕಾರ್ಯಕ್ರಮ ಅಜ್ಜಿ. ಅಳು ಬೇಡ."

ಅವರು ಉಗಿದು ಕಳಿಸುತ್ತಾರೆ ಎಂದುಕೊಂಡೆ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಬೇಲಿ ದಾಟಿಸಿ ಕಂಬದ ಹತ್ರ ಬಿಡ್ತೀರಾ?"

"ಬಿಡ್ತೀವಿ. ಮುಟ್ಟಬಹುದು ಕೂಡ."

"ಬರ್ತೀನಿ ಹಾಗಾದ್ರೆ."

ಐವತ್ತು ವರ್ಷ ಬೇಲಿಯ ಹೊರಗೆ ನಿಂತು ನೋಡಿದ ಜಾಗ. ಕಾವಲುಗಾರರು ಎಷ್ಟು ಸಲ ಅವರನ್ನು ರಟ್ಟೆ ಹಿಡಿದು ಆಚೆ ಹಾಕಿದ್ದರೋ.  

ಸಮಾರಂಭದ ಸಂಜೆ ಚೌಕ ಜನರಿಂದ ತುಂಬಿತ್ತು. ಮುಂದಿನ ಸಾಲಿನಲ್ಲಿ ಮೆತ್ತನೆಯ ಕುರ್ಚಿಗಳು. ನಾವು ಕಂದು ಬಣ್ಣ ಬಳಿದುಕೊಂಡು ಕಲ್ಲು ಹೊತ್ತು ಸುತ್ತಿದೆವು. ಧ್ವನಿವರ್ಧಕದಲ್ಲಿ ಒಬ್ಬ ಗಂಭೀರ ದನಿಯಲ್ಲಿ ಚರಿತ್ರೆ ಹೇಳುತ್ತಿದ್ದ. ಬರಡು ನೆಲವಂತೆ. ಮಹಾನುಭಾವರ ಕನಸಂತೆ. ಹಾಡುತ್ತ ದುಡಿದ ಕೈಗಳಂತೆ. ಆಮೇಲೆ ಅತ್ತೆಯನ್ನು ಕರೆದರು. ಅವರ ಮುಖಕ್ಕೂ ಕಂದು ಬಣ್ಣ ಬಳಿದು, ಕುತ್ತಿಗೆಯ ಹತ್ತಿರ ಸಣ್ಣ ಮೈಕು ಸಿಕ್ಕಿಸಿದ್ದರು.

ತೆರೆದ ಬೇಲಿ ದಾಟಿ ಅತ್ತೆ ನಿಧಾನವಾಗಿ ಕಂಬದ ಬುಡದ ಮೆಟ್ಟಿಲು ಹತ್ತಿದರು. ಗಣ್ಯರ ಕಡೆ ತಿರುಗಬೇಕಿತ್ತು. ತಿರುಗಲಿಲ್ಲ. ಕಂಬದ ಮೇಲೆ ಎರಡೂ ಅಂಗೈ ಇಟ್ಟರು.

"ರೀ," ಎಂದರು.

ಆ ದನಿ ಇಡೀ ಚೌಕಕ್ಕೆ ಕೇಳಿಸಿತು.

"ರೀ, ನಾನು. ಕೆಲ್ಸ ಮುಗೀತು. ಏಳ್ರೀ. ಮನೆಗೆ ಹೋಗೋಣ."

ಕಂಬವನ್ನು ಅಂಗೈಯಿಂದ ತಟ್ಟಿದರು.

"ಮಗ ಹುಟ್ಟಿದ ಕಣ್ರೀ. ಬಂದು ಹೇಳೋಣ ಅಂದ್ರೆ ಬಿಡ್ಲಿಲ್ಲ ಇವರು. ಹಲಗೆ ಕೇಳಿದ್ದು ತಪ್ಪಾಯ್ತಾ? ಜೀವಂತ ಇದ್ರಲ್ರೀ ನೀವೆಲ್ಲ! ದನಿ ಕೇಳ್ತಿತ್ತಲ್ಲ! ಮೇಲೆ ಕಾಂಕ್ರೀಟ್ ಹಾಕಿದ್ರಲ್ಲ!"

ಚಪ್ಪಾಳೆ ಬಿತ್ತು. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಜೋರಾಗಿ. ಮೆತ್ತನೆಯ ಕುರ್ಚಿಯಲ್ಲಿದ್ದ ಹೆಂಗಸೊಬ್ಬಳು ಕರವಸ್ತ್ರದಿಂದ ಕಣ್ಣೊತ್ತಿಕೊಂಡಳು. "ಎಂಥ ಅಭಿನಯ!" ಎಂದರು ಯಾರೋ. ಶಾಲಿನವನು ಕಂಗಾಲಾಗಿದ್ದವನು ಚಪ್ಪಾಳೆ ಕೇಳಿ ನಗತೊಡಗಿದ. ಅತ್ತೆಯ ಕೆನ್ನೆಯ ಮೇಲೆ ಕಂದು ಬಣ್ಣ ಕರಗಿ ಇಳಿಯುತ್ತಿತ್ತು. ನನ್ನ ತಲೆಯ ಮೇಲೆ ಕಲ್ಲಿತ್ತು. ಆ ಚಪ್ಪಾಳೆಯಷ್ಟು ಹೊಲಸಾದದ್ದನ್ನು ನಾನು ಈ ಚೌಕದಲ್ಲಿ ಯಾವತ್ತೂ ಗುಡಿಸಿಲ್ಲ.

ಅತ್ತೆ ನಿಲ್ಲಿಸಲಿಲ್ಲ. ಉಳಿದವರನ್ನೂ ಕರೆದರು. ಕೆಲಸದಲ್ಲಿ ಹೇಗೆ ಕರೆಯುತ್ತಿದ್ದರೋ ಹಾಗೆ. "ಕುಳ್ಳಣ್ಣಾ, ಏಳಪ್ಪ. ಮೆಳ್ಳಗಣ್ಣಾ, ನೀನೂ ಏಳು. ಅಣ್ಣತಮ್ಮಂದಿರೇ, ಬನ್ರಪ್ಪ. ನಿಮ್ಮನ್ನ ಕಳ್ಳರು ಅಂದ್ರಲ್ಲೋ. ಎದ್ದು ಬಂದು ಹೇಳ್ರೋ!"

ಚಪ್ಪಾಳೆ ಸೊರಗಿತು. ಜನ ಮುಖ ಮುಖ ನೋಡಿಕೊಂಡರು. ಒಬ್ಬ ಅಧಿಕಾರಿ ಎದ್ದು ಕೈ ಬೀಸಿದ. ಮೈಕು ಸತ್ತಿತು. ವಾದ್ಯದವರಿಗೆ ಸನ್ನೆ ಹೋಯಿತು. ಅವರು ಜೋರಾಗಿ ಬಾರಿಸತೊಡಗಿದರು. ಕಂಬದ ಬುಡದಲ್ಲಿ ಅತ್ತೆಯ ಬಾಯಿ ಆಡುತ್ತಿತ್ತು. ದನಿ ಇರಲಿಲ್ಲ. ಇಬ್ಬರು ಪೊಲೀಸರು ಮೆಟ್ಟಿಲು ಹತ್ತಿದರು.

ನಾನು ಕಲ್ಲು ಕೆಳಗೆ ಹಾಕಿದೆ. ಮೆಟ್ಟಿಲ ಮೇಲೆ ದಾರಿಗಡ್ಡವಾಗಿ ಕೂತೆ. ಯೋಚಿಸಿ ಮಾಡಿದ್ದಲ್ಲ. ಕಾಲು ತಾನಾಗಿ ಮಡಚಿತು. ಹಿಂದಿನಿಂದ ಇನ್ನೊಂದು ಕಲ್ಲು ಬಿದ್ದ ಸದ್ದು. ರೇಡಿಯೋ ಬಂದು ನನ್ನ ಪಕ್ಕ ಕೂತಳು. ಅವಳ ಪಕ್ಕ ಮೂಗಿನಲ್ಲಿ ರಕ್ತ ಬಂದಿದ್ದವಳು. ಕಲ್ಲುಗಳು ಧಪಧಪ ಬಿದ್ದವು. ನಮ್ಮವರೆಲ್ಲ ಕೂತರು. ಗುಡಿಸಿ ಗುಡಿಸಿ ಸವೆಸಿದ ಮೆಟ್ಟಿಲು. ಕೂತರೆ ಹೇಗಿರುತ್ತದೆ ಎಂದು ಆವತ್ತೇ ಗೊತ್ತಾದದ್ದು.

"ಏಳ್ರೇ! ಏಳ್ರೇ ಮೇಲೆ! ನನ್ನ ಹೊಟ್ಟೆ ಮೇಲೆ ಹೊಡೀಬೇಡ್ರೇ!" ಎಂದು ಮೇಸ್ತ್ರಿ ಅಂಗಲಾಚಿದ.

"ಏಳಲ್ಲ," ಎಂದಳು ರೇಡಿಯೋ. ಅವಳ ಬಾಯಲ್ಲಿ ಅಷ್ಟು ಚಿಕ್ಕ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಕೂದಲು ಹಿಡಿದು ಎಳೆದರು. ಮೆಟ್ಟಿಲಿಂದ ಮೆಟ್ಟಿಲಿಗೆ ನನ್ನ ಬೆನ್ನು ಬಡಿಯಿತು. ಅತ್ತೆಯನ್ನು ಕಂಬದಿಂದ ಕೀಳಲು ಬೆರಳು ಬೆರಳಾಗಿ ಬಿಡಿಸಬೇಕಾಯಿತು.

ನಮ್ಮನ್ನು ಠಾಣೆಯಿಂದ ಬಿಟ್ಟರು, ಇನ್ನು ಕೆಲಸಕ್ಕೆ ಬರಬೇಡಿ ಎಂದರು. ಅತ್ತೆಯನ್ನು ಬಿಡಲಿಲ್ಲ. ತಲೆ ಕೆಟ್ಟಿದೆ ಎಂದು ಹುಚ್ಚಾಸ್ಪತ್ರೆಗೆ ಹಾಕಿದರು. ಅತ್ತೆ ಕಂಬವನ್ನು ಕರೆಯುವ ದೃಶ್ಯ ಎಲ್ಲರ ಮೊಬೈಲಿನಲ್ಲಿ ಓಡಾಡಿತು. ಕಂಬದಜ್ಜಿ ಎಂದು ಹೆಸರಿಟ್ಟು ನಕ್ಕರು. ಯಾರೋ ಅದಕ್ಕೆ ಸಂಗೀತ ಕೂಡಿಸಿದರು.

ಅಧಿಕಾರಿ ನನ್ನನ್ನು ಕಚೇರಿಗೆ ಕರೆಸಿದ. ಕುರ್ಚಿ ತೋರಿಸಿದ. ಕ್ಯಾಮೆರಾ ಇಟ್ಟಿದ್ದರು. "ನಮ್ಮತ್ತೆಗೆ ಮೊದಲಿಂದ ತಲೆ ಸರಿ ಇಲ್ಲ, ತಪ್ಪಾಯ್ತು ಕ್ಷಮಿಸಿ ಅಂತ ಎರಡು ಮಾತು ಹೇಳಮ್ಮ. ನಾಳೆ ಅವರು ಮನೆಗೆ. ನಿಮ್ಮೆಲ್ಲರಿಗೂ ಕೆಲಸ ವಾಪಸ್. ನಿನ್ನಿಂದ ಬೇರೆಯವರ ಒಲೆ ಯಾಕೆ ಆರಬೇಕು?"

ಒಳಗೆ ಏನು ಹೇಳಿಸುತ್ತಾರೆಂದು ಮೇಸ್ತ್ರಿ ಮೊದಲೇ ತಿಳಿಸಿದ್ದ; ಒಲೆ ಆರುವ ಆ ಯೋಚನೆಯೇ ನನ್ನನ್ನು ಬರುವ ದಾರಿಯುದ್ದಕ್ಕೂ ಕೊರೆದಿತ್ತು. ರೇಡಿಯೋಗೆ ಹಾಸಿಗೆ ಹಿಡಿದ ಗಂಡ. ಇನ್ನೊಬ್ಬಳಿಗೆ ಬಾಣಂತಿ ಮಗಳು. ಬಾಗಿಲ ತನಕ ಬಂದಿದ್ದ ರೇಡಿಯೋಳನ್ನು ಏನು ಮಾಡಲಿ ಎಂದು ಕೇಳಿದ್ದೆ.

"ನನಗೆ ಕೆಲಸ ಬೇಕು," ಎಂದಿದ್ದಳು ಅವಳು. "ಬೇಡ ಅಂತ ಸುಳ್ಳು ಹೇಳಲ್ಲ. ಆದ್ರೆ ನೀನು ಒಳಗೆ ಹಾಗೆ ಹೇಳಿ ಬಂದ್ರೆ ನಿನ್ನ ಮುಖ ನೋಡಲ್ಲ."

ಕ್ಯಾಮೆರಾದ ಕೆಂಪು ದೀಪ ಹತ್ತಿತು.

"ನಮ್ಮತ್ತೆ ತಲೆ ಸರಿಯಾಗಿದೆ," ಎಂದೆ. "ಅವರು ಹೇಳೋದು ಸುಳ್ಳು ಅನ್ಸಿದ್ರೆ ಕಂಬದ ಬುಡ ಅಗೆದು ನೋಡಿ. ಒಂದು ಮೂಳೆನೂ ಸಿಗ್ಲಿಲ್ಲ ಅಂದ್ರೆ ನನ್ನನ್ನೂ ಅದೇ ಆಸ್ಪತ್ರೆಗೆ ಹಾಕಿ. ಅಗೀರಿ. ಯಾಕೆ ಅಗೆಯಲ್ಲ?"

"ಆಫ್ ಮಾಡ್ರೀ," ಎಂದ ಅಧಿಕಾರಿ.

ಅದನ್ನು ಯಾರಿಗೂ ತೋರಿಸಲಿಲ್ಲ. ಹೋದ ಕೆಲಸ ನಮ್ಮಲ್ಲಿ ಯಾರಿಗೂ ವಾಪಸು ಸಿಗಲಿಲ್ಲ. ಹೊಸ ಹೆಂಗಸರು ನೀಲಿ ಅಂಗಿ ತೊಟ್ಟು ಬಂದರು. ಬೇಲಿಯನ್ನು ಇನ್ನಷ್ಟು ಎತ್ತರಿಸಿದರು. ರೇಡಿಯೋ ಮನೆ ಮನೆ ಪಾತ್ರೆ ತಿಕ್ಕುತ್ತಾಳೆ. ನಾನು ಹೋಟೆಲೊಂದರ ಹಿಂಬದಿಯಲ್ಲಿ ಈರುಳ್ಳಿ ಬಿಡಿಸುತ್ತೇನೆ.

ಅತ್ತೆಯನ್ನು ಬಹಳ ದಿನ ಇಟ್ಟುಕೊಂಡರು. ಕೊನೆಗೆ ಹೊಸದಾಗಿ ಬಂದ ಡಾಕ್ಟರಮ್ಮ ಇವರಿಗೆ ಯಾವ ಕಾಯಿಲೆಯೂ ಇಲ್ಲ ಎಂದು ಕಳಿಸಿಕೊಟ್ಟಳು. ಕಾಯಿಲೆ ಇಲ್ಲದವರು ಮಾತ್ರೆ ಸೂಜಿ ತಿಂದು ಕಾಯಿಲೆಯವರಾಗಿ ಬಂದಿದ್ದರು. ಕೈ ನಡುಗುತ್ತಿತ್ತು. ಲೋಟ ಹಿಡಿದರೆ ಎದೆ ಮೇಲೆ ಚೆಲ್ಲಿಕೊಳ್ಳುತ್ತಿದ್ದರು. ನನ್ನ ಗಂಡ ಬಟ್ಟೆ ಬದಲಿಸಿ ಅವರನ್ನು ಮಲಗಿಸಿದ. ಗೊಣಗಿದ. "ಏನು ಸಿಕ್ತಮ್ಮ ಇದ್ರಿಂದ? ಓಡಿಹೋದೋನೊಬ್ಬನಿಗಾಗಿ..."

ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು.

ಒಂದು ಬೆಳಿಗ್ಗೆ ಗಂಡ ಕೆಲಸಕ್ಕೆ ಹೊರಡುವ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಕೈಯಲ್ಲಿ ಚೀಲ. ಬಸ್ಸಿನಲ್ಲಿ ಬಹಳ ದೂರದಿಂದ ಬಂದ ಧೂಳು.

"ಕಂಬದ ಹತ್ರ ಕೂಗಿದವರ ಮನೆ ಇದೇನಾ?"

ನಗಲು ಬಂದವಳೇನೋ ಎಂದು ನಾನು ಗಟ್ಟಿಯಾಗಿಯೇ ಕೇಳಿದೆ. "ಯಾಕೆ?"

"ಪಕ್ಕದ ಮನೆಯವರು ಮೊಬೈಲಲ್ಲಿ ತೋರಿಸಿದ್ರು. ಮೆಳ್ಳಗಣ್ಣಾ ಅಂತ ಕರೆದ್ರಲ್ಲ ಅವರು." ಮುದುಕಿ ಚೀಲ ಕೆಳಗಿಟ್ಟಳು. "ನನ್ನ ಯಜಮಾನರಿಗೆ ಮೆಳ್ಳಗಣ್ಣು. ಇಲ್ಲಿಗೆ ಕೆಲಸಕ್ಕೆ ಅಂತ ಬಂದಿದ್ರು. ದುಡ್ಡು ಕದ್ದು ಓಡಿಹೋದ ಅಂತ ನಮಗೆ ಸುದ್ದಿ ಬಂತು."

ಅತ್ತೆ ಹಾಸಿಗೆಯಲ್ಲಿ ಎದ್ದು ಕೂತರು. ಆಸ್ಪತ್ರೆಯಿಂದ ಬಂದ ಮೇಲೆ ಯಾರ ಆಸರೆಯೂ ಇಲ್ಲದೆ ಎದ್ದದ್ದು ಅದೇ ಮೊದಲು.

"ಹಣೆ ಮೇಲೆ ಸುಟ್ಟ ಕಲೆ ಇತ್ತಾ?" ಎಂದು ಕೇಳಿದರು.

ಮುದುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಇತ್ತು. ಎಡಗಡೆ."

"ಓಡಿಹೋಗಿಲ್ಲಮ್ಮ. ಅವತ್ತು ಮೊದಲು ಇಳಿದಿದ್ದೇ ಅವರು. ನನ್ನ ಯಜಮಾನರ ಪಕ್ಕದಲ್ಲೇ ಇದಾರೆ."

ಮುದುಕಿ ಅಳಲಿಲ್ಲ. ಒಳಗೆ ಬಂದು ಅತ್ತೆಯ ಪಕ್ಕ ಕೂತಳು. ನಾನು ಚಹಾಕ್ಕೆ ನೀರಿಟ್ಟೆ. ಅಷ್ಟರಲ್ಲಿ ಮುದುಕಿ ಚೀಲ ಎತ್ತಿಕೊಂಡಳು.

"ಚಹಾ ಕುಡಿದು ಹೋಗಿ," ಎಂದೆ.

"ಬೇಡ ತಾಯಿ. ಮಗಳಿಗೆ ಹೇಳ್ಬೇಕು. ನಿಮ್ಮಪ್ಪ ಕಳ್ಳ, ಕಳ್ಳ ಅಂತ ಹೇಳೀ ಹೇಳೀ ಬೆಳೆಸಿದೀನಿ ಅವಳನ್ನ. ಅವಳಿಗೂ ವಯಸ್ಸಾಯ್ತು. ನಾನು ಸಾಯೋದ್ರೊಳಗೆ ಹೇಳ್ಬೇಕು."

ನನ್ನ ಗಂಡ ಇಷ್ಟು ಹೊತ್ತೂ ಮೂಲೆಯಲ್ಲಿ, ಮೂಟೆ ಹೊರುವಾಗ ಹೆಗಲಿಗೆ ಹಾಕುವ ಬಟ್ಟೆ ಹಿಡಿದು ನಿಂತಿದ್ದ. ಮುಂದೆ ಬಂದು ಮುದುಕಿಯ ಕೈಯಿಂದ ಚೀಲ ತೆಗೆದುಕೊಂಡ. "ಬನ್ನಿ, ಬಸ್ಸಿಗೆ ಬಿಡ್ತೀನಿ," ಎಂದ.

ಹೊಸ್ತಿಲು ದಾಟಿದವನು ನಿಂತ. ತಿರುಗಿದ. ಅವನ ತಲೆಗೂದಲು ಆಗಲೇ ಅರ್ಧ ಬೆಳ್ಳಗಾಗಿದೆ. ದನಿ ಮಾತ್ರ ಸಣ್ಣ ಮಗುವಿನದಂತಿತ್ತು.

"ಅಮ್ಮಾ, ಅಪ್ಪ ನೋಡೋಕೆ ಹೇಗಿದ್ರು?"

ಅತ್ತೆ ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು.

"ಎತ್ತರ ಇದ್ರು," ಎಂದರು. "ಈ ಬಾಗಿಲಾದ್ರೆ ಬಗ್ಗಿ ಬರ್ಬೇಕಾಗ್ತಿತ್ತು."